ಲಂಡನ್ ಮೂಗು ಮುಚ್ಚಿಕೊಂಡ ಬೇಸಿಗೆ

1858ರ ಜೂನ್. ಬ್ರಿಟಿಷ್ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಅದ್ದಿ ತೂಗುಹಾಕಲಾಗಿತ್ತು. ಒಳಗೆ ಕುಳಿತವರ ಅಧಿಕಾರ ಸಾಗರದಾಚೆಗೂ ನಡೆಯುತ್ತಿತ್ತು. ಕಿಟಕಿಯ ಕೆಳಗೇ ಹರಿಯುವ ಥೇಮ್ಸ್ ನದಿಯ ಗಬ್ಬುನಾತದ ಮುಂದೆ ಮಾತ್ರ ನಡೆಯಲಿಲ್ಲ. ಹಣಕಾಸು ಸಚಿವ ಬೆಂಜಮಿನ್ ಡಿಸ್ರೇಲಿ ಒಂದು ಕೈಯಲ್ಲಿ ಕಾಗದಪತ್ರ ಹಿಡಿದು, ಇನ್ನೊಂದು ಕೈಯಿಂದ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಮಿತಿ ಕೊಠಡಿಯಿಂದ ಹೊರಗೋಡಿದರು. ಆಡಳಿತವನ್ನು ಆಕ್ಸ್‌ಫರ್ಡಿಗೋ ಸೇಂಟ್ ಆಲ್ಬನ್ಸಿಗೋ ಸಾಗಿಸಿಬಿಡೋಣ ಎಂಬ ಮಾತೂ ಎದ್ದಿತು. ನೆರಳಿನಲ್ಲೇ 34ರಿಂದ 36 ಡಿಗ್ರಿ ಸೆಲ್ಸಿಯಸ್ ಕಾವು. ಚರಿತ್ರೆಯಲ್ಲಿ ಈ ಬೇಸಿಗೆ ‘ಮಹಾ ದುರ್ನಾತ’ ಎಂದೇ ಹೆಸರಾಗಿದೆ.

ಸೋಜಿಗವೆಂದರೆ, ನದಿಯನ್ನು ಕೆಡಿಸಿದ್ದು ಒಂದು ಸುಧಾರಣೆ. ಅದಕ್ಕೂ ಮೊದಲು ಲಂಡನ್ನಿನ ಮನೆಗಳಡಿಯಲ್ಲಿ ಸುಮಾರು 2 ಲಕ್ಷ ಮಲಗುಂಡಿಗಳಿದ್ದವು. ರಾತ್ರಿ ಹೊತ್ತು ಕೆಲಸದವರು ಬಂದು ಗುಂಡಿ ಬಳಿದು, ಗಾಡಿಗೆ ಹೇರಿ, ಊರಾಚೆಯ ರೈತರಿಗೆ ಗೊಬ್ಬರವಾಗಿ ಮಾರುತ್ತಿದ್ದರು. ಊರು ಬೆಳೆದಂತೆ ಹೊಲಗದ್ದೆಗಳು ದೂರವಾದವು. ದಕ್ಷಿಣ ಅಮೆರಿಕದಿಂದ ಹಕ್ಕಿಹಿಕ್ಕೆಯ ಗೊಬ್ಬರ ಹಡಗಿನಲ್ಲಿ ಬರತೊಡಗಿದ ಮೇಲಂತೂ ಈ ವ್ಯಾಪಾರ ನೆಲಕಚ್ಚಿತು. ಅದೇ ಕಾಲಕ್ಕೆ ಉಳ್ಳವರ ಮನೆಗಳಿಗೆ ಫ್ಲಷ್ ಪಾಯಿಖಾನೆ ಬಂತು. 1851ರ ಮಹಾ ವಸ್ತುಪ್ರದರ್ಶನದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ತಲಾ ಒಂದು ಪೆನ್ನಿ ಕೊಟ್ಟು ಅದನ್ನು ಬಳಸಿ ನೋಡಿದರಂತೆ! ಪ್ರತಿ ಸಲವೂ ಸುರಿಯುವ ಅಷ್ಟೊಂದು ನೀರನ್ನು ಹಳೆಯ ಗುಂಡಿಗಳು ತಾಳಲಿಲ್ಲ. ಮನೆಯ ಕೊಳಚೆಯನ್ನೆಲ್ಲ ಚರಂಡಿಗೆ ಜೋಡಿಸಬೇಕೆಂದು ಅಧಿಕಾರಿಗಳು ಕಟ್ಟಪ್ಪಣೆ ಹೊರಡಿಸಿದರು. ಮಳೆನೀರಿಗೆಂದು ಕಟ್ಟಿದ್ದ ಆ ಚರಂಡಿಗಳು ಸೇರುತ್ತಿದ್ದದ್ದು ಥೇಮ್ಸ್ ನದಿಯನ್ನೇ. ಊರಿನ ಎಷ್ಟೋ ಮಂದಿ ಕುಡಿಯುವ ನೀರೂ ಅದೇ ನದಿಯದು.

ಎಚ್ಚರಿಸಿದವರಿಗೇನೂ ಕೊರತೆ ಇರಲಿಲ್ಲ. 1855ರ ಜುಲೈಯಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ದೋಣಿಯಲ್ಲಿ ಹೋಗುವಾಗ ಬಿಳಿಯ ರಟ್ಟಿನ ಚೂರುಗಳನ್ನು ಒದ್ದೆ ಮಾಡಿ, ದೋಣಿ ನಿಂತ ಕಟ್ಟೆಗಳಲ್ಲೆಲ್ಲ ನೀರಿಗೆ ಬಿಟ್ಟು ನೋಡಿದರು. ಕಣ್ಣು ಕೋರೈಸುವ ಬಿಸಿಲಿದ್ದರೂ ಚೂರು ಒಂದು ಅಂಗುಲ ಮುಳುಗುವುದರೊಳಗೆ ಕಾಣೆಯಾಗುತ್ತಿತ್ತು. ಅವರು ಇದನ್ನು ‘ದಿ ಟೈಮ್ಸ್’ ಪತ್ರಿಕೆಗೆ ಬರೆದು ತಿಳಿಸಿದರು. ಅದಕ್ಕೂ ಒಂದು ವರ್ಷ ಮೊದಲೇ ವೈದ್ಯ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ಬೀದಿಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ, ಕಾಲರಾ ಹರಡುವುದು ನೀರಿನಿಂದ ಎಂದು ತೋರಿಸಿದ್ದರು. ದೊಡ್ಡವರು ಒಪ್ಪಲಿಲ್ಲ, ರೋಗಕ್ಕೆಲ್ಲ ಕೆಟ್ಟ ಗಾಳಿಯೇ ಮೂಲವೆಂಬುದು ಆ ಕಾಲದ ಪಂಡಿತರ ನಂಬಿಕೆ. ಸ್ನೋ ತೀರಿಕೊಂಡದ್ದು 1858ರ ಜೂನ್ 16ರಂದು, ನಾತ ಮೇರೆ ಮೀರಿದ್ದ ದಿನಗಳಲ್ಲೇ. ಆಗ ಅವರಿಗೆ ಬರೀ 45 ವರ್ಷ.

ಆ ತಪ್ಪು ನಂಬಿಕೆಯೇ ಕೊನೆಗೆ ಲಂಡನ್ನನ್ನು ಕಾಪಾಡಿತು. ನಾತವೇ ರೋಗವೆಂದು ತಿಳಿದಿದ್ದ ಸಂಸದರಿಗೆ ಪ್ರಾಣಭಯ ಹುಟ್ಟಿತು. ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ 1856ರಲ್ಲೇ ಕೊಟ್ಟಿದ್ದ ಒಳಚರಂಡಿ ಯೋಜನೆ ಆಕ್ಷೇಪಗಳ ನಡುವೆ ಕೊಳೆಯುತ್ತಿತ್ತು. ಡಿಸ್ರೇಲಿ ಜುಲೈ 15ರಂದು ಅದಕ್ಕೆ ದಾರಿ ಮಾಡಿಕೊಡುವ ಮಸೂದೆ ಮಂಡಿಸಿದರು. ಆಗಸ್ಟ್ 2ಕ್ಕೆ ಅದು ಕಾಯ್ದೆಯಾಯಿತು. ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಭಾರತದ ಆಡಳಿತವನ್ನು ರಾಣಿಗೆ ವರ್ಗಾಯಿಸಿದ ಕಾಯ್ದೆಗೂ ಅದೇ ದಿನವೇ ಅಂಕಿತ ಬಿದ್ದಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಆ ಕಾಯ್ದೆಯನ್ನು ಚರ್ಚಿಸಿದ್ದು ಮೂಗು ಮುಚ್ಚಿಕೊಂಡ ಇದೇ ಪಾರ್ಲಿಮೆಂಟು.

ಬ್ಯಾಜಲ್ಜೆಟ್ ಅವರ ಉಪಾಯ ಸರಳವಾಗಿತ್ತು. ನದಿಯತ್ತ ಇಳಿಯುವ ಹಳೆಯ ಚರಂಡಿಗಳಿಗೆ ಅಡ್ಡಲಾಗಿ, ದಡಕ್ಕೆ ಸಮಾನಾಂತರವಾಗಿ ದೊಡ್ಡ ಕಾಲುವೆಗಳನ್ನು ನೆಲದಡಿ ಕಟ್ಟುವುದು. ಕೊಳಚೆಯನ್ನು ಪೂರ್ವಕ್ಕೆ ಒಯ್ದು, ಸಮುದ್ರದ ಇಳಿತದ ಹೊತ್ತು ನೋಡಿ ನದಿಗೆ ಬಿಡುವುದು. ಹೀಗೆ ಸುಮಾರು 132 ಕಿಲೋಮೀಟರ್ ಮುಖ್ಯ ಕಾಲುವೆಗಳಾದವು. ಇಡೀ ಯೋಜನೆಗೆ ಹಿಡಿದದ್ದು 31.8 ಕೋಟಿ ಇಟ್ಟಿಗೆ. ಎಷ್ಟೋ ಕಾಲುವೆಗಳ ಅಡ್ಡಕೊಯ್ತ ಮೊಟ್ಟೆಯಾಕಾರ, ಚೂಪುಭಾಗ ಕೆಳಕ್ಕೆ: ನೀರು ಕಡಿಮೆಯಿದ್ದಾಗಲೂ ಹರಿವು ರಭಸವಾಗಿದ್ದು ಕಸ ತಳದಲ್ಲಿ ನಿಲ್ಲಬಾರದೆಂದು. ಪೋರ್ಟ್‌ಲ್ಯಾಂಡ್ ಸಿಮೆಂಟ್ ಆಗಿನ್ನೂ ಹೊಸ ಸರಕು. ಬಂದ ಸಿಮೆಂಟನ್ನೆಲ್ಲ ಪರೀಕ್ಷಿಸಿಯೇ ಬಳಸಬೇಕೆಂದು ಅವರು ಹಟ ಹಿಡಿದರು. ಊರಿನ ಪೂರ್ವಕ್ಕಿರುವ ಕ್ರಾಸ್‌ನೆಸ್‌ನಲ್ಲಿ ಕೊಳಚೆ ಮೇಲೆತ್ತಲು ನಾಲ್ಕು ಉಗಿಯಂತ್ರಗಳನ್ನು ಕೂರಿಸಿ, ಅವಕ್ಕೆ ವಿಕ್ಟೋರಿಯಾ ರಾಣಿ, ಆಕೆಯ ಗಂಡ, ಮಗ, ಸೊಸೆ ಇವರ ಹೆಸರಿಟ್ಟರು. ಈಗಿನ ಕಾಲದಲ್ಲಿ ಯಾವ ಅಧಿಕಾರಿಗೂ ಆ ಧೈರ್ಯ ಬರಲಾರದು.

1866ರಲ್ಲಿ ಕಾಲರಾ ಮರಳಿತು. ಸತ್ತ 5,500ಕ್ಕೂ ಹೆಚ್ಚು ಜನ ಊರಿನ ಪೂರ್ವ ಭಾಗದ ಬಡವರು. ಹೊಸ ಚರಂಡಿ ಇನ್ನೂ ಪೂರ್ತಿ ತಲುಪದಿದ್ದ ಪ್ರದೇಶ ಅದೊಂದೇ. ಹಿಂದೆ ಕೆಟ್ಟ ಗಾಳಿಯ ವಾದವನ್ನೇ ನೆಚ್ಚಿದ್ದ ಅಂಕಿಅಂಶ ತಜ್ಞ ವಿಲಿಯಂ ಫಾರ್ ಈ ಸಲ ಮಾಲಿನ್ಯದ ಜಾಡು ಹಿಡಿದು ನೀರಿನ ಕಂಪನಿಯವರೆಗೂ ಹೋದರು. ಸ್ನೋ ಅವರ ಮಾತಿಗೆ ಬೆಲೆ ಬಂದದ್ದು ಅವರು ಸತ್ತು ಎಂಟು ವರ್ಷಗಳ ಮೇಲೆ. ಆ ನಂತರ ಲಂಡನ್ನಿನಲ್ಲಿ ಕಾಲರಾ ಮತ್ತೆ ದೊಡ್ಡದಾಗಿ ಹಬ್ಬಲಿಲ್ಲ.

ಬ್ಯಾಜಲ್ಜೆಟ್ ಕಟ್ಟಿದ ಕಾಲುವೆಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಜೋರು ಮಳೆ ಬಂದರೆ ಅವು ತುಂಬಿ ಕೊಳಚೆ ನದಿಗೆ ಹರಿಯುತ್ತಿತ್ತು. ಅದನ್ನು ತಡೆಯಲು ಥೇಮ್ಸ್ ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಕೊರೆದು, 2025ರಲ್ಲಿ ಅದನ್ನು ಪೂರ್ತಿಯಾಗಿ ಜೋಡಿಸಲಾಗಿದೆ.