ಮನೆ ಹಲಸಿಗೆ ಲೆಕ್ಕವಿಲ್ಲವೇ?

ವೇಣೂರಿನ ಆಸುಪಾಸಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಮೂಡುಬಿದಿರೆಗೋ ಉಜಿರೆಗೋ ಕಾಲೇಜಿಗೆ ಹೋಗುವ ಹುಡುಗಿಯರಲ್ಲಿ ಯಾರಾದರೂ ‘ಸ್ವಂತ ಉದ್ಯಮ ಮಾಡುತ್ತೇನೆ’ ಎಂದರೆ ಮನೆಯಲ್ಲಿ ಏಳುವ ತಕರಾರುಗಳು ಹೆಚ್ಚುಕಮ್ಮಿ ಒಂದೇ.

ತಪ್ಪು ಕಲ್ಪನೆ: ನಮ್ಮ ಕಡೆ ಹೆಂಗಸರಿಗೆ ವ್ಯವಹಾರ ತಿಳಿಯದು.

ಸತ್ಯ: ಬೆಳ್ತಂಗಡಿ, ಬಂಟ್ವಾಳದ ಕಡೆ ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ತಾಯಂದಿರು ಎಷ್ಟಿಲ್ಲ! ಅವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಆದರೆ ಎಲೆ, ಹೊಗೆಸೊಪ್ಪು, ದರ ಎಲ್ಲವೂ ಬೇರೆಯವರದು. ಕೈಗೆ ಬಂದದ್ದು ಕೂಲಿ.

ತಪ್ಪು ಕಲ್ಪನೆ: ಹಲಸು ಮನೆಯದ್ದೇ, ಹಪ್ಪಳಕ್ಕೆ ಖರ್ಚೇನು? ಬಂದದ್ದೆಲ್ಲ ಲಾಭ.

ಸತ್ಯ: ನನ್ನ ಪ್ರಕಾರ ಹೆಚ್ಚು ಹಾಳು ಮಾಡುವುದು ಇದೇ. ಕಾಯಿ ಕೊಯ್ಯಿಸಬೇಕು, ಮೇಣ ಒರೆಸುತ್ತಾ ಸೊಳೆ ಬಿಡಿಸಬೇಕು, ಬೇಯಿಸಿ ರುಬ್ಬಬೇಕು, ಉಂಡೆ ಒತ್ತಿ ಚಾಪೆಯ ಮೇಲೆ ಹರಡಬೇಕು, ಮೋಡ ಕಂಡರೆ ಒಳಗೆ ಓಡಬೇಕು. ಅಮ್ಮ, ಅಜ್ಜಿ, ಮಗಳು ಮೂವರ ದಿನದ ಕೂಲಿ, ಗ್ಯಾಸು, ಪ್ಯಾಕೆಟ್ಟು, ಅಂಗಡಿಯವರ ಕಮಿಷನ್ ಸೇರಿಸಿ ದರ ಕಟ್ಟದಿದ್ದರೆ ಮಾರಿದಷ್ಟೂ ನಷ್ಟ. ಮಾರಲು ಹೊರಟರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು.

ತಪ್ಪು ಕಲ್ಪನೆ: ಸಾಲಕ್ಕೆ ಅಪ್ಪನ ಜಾಗ ಅಡವಿಡಲೇಬೇಕು.

ಸತ್ಯ: ಸಣ್ಣ ಉದ್ಯಮದ ಸಾಲಕ್ಕೆ ಒಂದು ಮಿತಿಯವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 2015ರಲ್ಲಿ ಬಂದ ಮುದ್ರಾ ಯೋಜನೆಯ ‘ಶಿಶು’ ಸಾಲ 50 ಸಾವಿರದವರೆಗೆ ಸಿಗುತ್ತದೆ. ಹಾಗೆಂದು ಅರ್ಜಿ ಹಾಕಿದವರಿಗೆಲ್ಲ ಬ್ಯಾಂಕು ಕೊಡುವುದಿಲ್ಲ. ಏನು ಮಾಡಿ, ಎಲ್ಲಿ ಮಾರಿ, ಹೇಗೆ ತೀರಿಸುತ್ತೀರಿ ಎಂದು ಕೇಳುತ್ತದೆ.

ತಪ್ಪು ಕಲ್ಪನೆ: ಸಬ್ಸಿಡಿ ಎಂದರೆ ಪುಕ್ಕಟೆ ದುಡ್ಡು.

ಸತ್ಯ: ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮದಂತೆ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ ಉಂಟು, ಸ್ವಂತ ಪಾಲು ಶೇ 5. ಆದರೆ ಸಬ್ಸಿಡಿ ಹಣ ಕೈಗೆ ಬರದು. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದೆಯೆಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ.

ತಪ್ಪು ಕಲ್ಪನೆ: ಎಂಬಿಎ ಓದದೆ ಆಗದು.

ಸತ್ಯ: 1978ರಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದ ಕಿರಣ್ ಮಜುಂದಾರ್ ಪದವಿಯಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಅಷ್ಟು ದೂರವೇಕೆ, ಪಕ್ಕದ ಉಜಿರೆಯಲ್ಲೇ 1982ರಿಂದ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯಿದೆ. ತರಬೇತಿ, ಊಟ, ವಸತಿ ಉಚಿತ. ಇದೇ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲೂ ಇಂಥ ಸಂಸ್ಥೆಗಳು ಬಂದವು.

ಕೊನೆಯ ವರ್ಷದಲ್ಲಿರುವವರು ರಜೆಯಲ್ಲೊಮ್ಮೆ ಉಜಿರೆಯ ರುಡ್‌ಸೆಟ್‌ಗೆ ಹೋಗಿ ವಿಚಾರಿಸಿ. ಬ್ಯಾಂಕ್ ಖಾತೆಯೂ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ‘ಉದ್ಯಮ್’ ನೋಂದಣಿಯೂ ನಿಮ್ಮ ಹೆಸರಿನಲ್ಲೇ ಇರಲಿ. ಈ ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಮಾಡಿಸಿಕೊಡುತ್ತೇವೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.