ಬೇಗ ಇಳಿಯುವ ದಾರಿ

ಮಣಿಯೊಂದು ನಿಂತಲ್ಲಿಂದ ಹೊರಟು, ಓರೆಯಾಗಿ ಕೆಳಗಿರುವ ಬಿಂದುವಿಗೆ ಘರ್ಷಣೆಯಿಲ್ಲದೆ ಜಾರಬೇಕು. ಅತಿ ಶೀಘ್ರದ ದಾರಿ ಯಾವುದು? 1696ರಲ್ಲಿ ಯೋಹಾನ್ ಬರ್ನೂಲಿ ಗಣಿತಜ್ಞರ ಮುಂದಿಟ್ಟ ಸವಾಲಿದು. ಸರಳರೇಖೆಯೆಂದರೆ ತಪ್ಪಾದೀತು, ಮೊದಲು ಕಡಿದಾಗಿ ಇಳಿದು ವೇಗ ಗಳಿಸುವುದೇ ಲಾಭ.

ಇಳಿಜಾರಿನ ವರ್ಗಕ್ಕೆ ಒಂದನ್ನು ಕೂಡಿಸಿ, ಇಳಿದ ಆಳದಿಂದ ಗುಣಿಸಿದರೆ ದಾರಿಯುದ್ದಕ್ಕೂ ಒಂದೇ ಸ್ಥಿರಾಂಕ ಬರುತ್ತದೆ. ಇದೇ ಅದರ ಅವಕಲ ಸಮೀಕರಣ. ಆಳವನ್ನೂ ಅಡ್ಡದೂರವನ್ನೂ ಬೇರ್ಪಡಿಸುವುದು ಸುಲಭ. ಅನುಕಲಿಸಹೊರಟರೆ ವರ್ಗಮೂಲ ಅಡ್ಡ ನಿಲ್ಲುತ್ತದೆ. ಆಗ ಆಳವೆಂದರೆ ಸ್ಥಿರಾಂಕವನ್ನು ಒಂದು ಕೋನದ ಸೈನಿನ ವರ್ಗದಿಂದ ಗುಣಿಸಿದ್ದು ಎಂದು ಬರೆಯಿರಿ. ವರ್ಗಮೂಲ ಕರಗಿ ಚಕ್ರಜ ಮೂಡುತ್ತದೆ. ಉರುಳುವ ಚಕ್ರದ ಅಂಚಿನ ಬಿಂದು ಎಳೆಯುವ ರೇಖೆಯದು, ಇಲ್ಲಿ ತಲೆಕೆಳಗಾಗಿ.

ಕೋನವನ್ನು ಕೈಚಳಕದಿಂದ ತಂದೆವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ದಾರಿಯು ಲಂಬರೇಖೆಯೊಡನೆ ಮಾಡುವ ಕೋನವೇ ಅದು. ಮೊದಲಿನಿಂದಲೂ ಅಲ್ಲಿಯೇ ಇತ್ತು.