ಆಕಳ ಬಾಯಿ ನೋಡುವವರೇ, ನಿಮ್ಮ ಬಾಯಿಯನ್ನೂ ತೋರಿಸಿ

ತಾಯಂದಿರೇ, ಅಕ್ಕಂದಿರೇ, ಆಕಳು ಕೊಳ್ಳುವಾಗ ಬಾಯಿ ತೆರೆಸಿ ನೋಡುತ್ತೀರಿ. ಕೆಳಗಿನ 8 ಹಲ್ಲೂ ಬಂದಿದ್ದರೆ ಬಾಯಿಗೂಡಿದೆ ಎನ್ನುತ್ತೀರಿ. ನಿಮ್ಮ ಬಾಯಿಯನ್ನು ಯಾರು ನೋಡಿದ್ದಾರೆ?

ಚಿಮ್ಮನಚೋಡದಿಂದ ಕಲಬುರಗಿಗೆ ಹೋದರೆ ಸಂಜೆಯ ಹಾಲು ತಪ್ಪೀತೆಂದು ಹಲ್ಲುನೋವು ನುಂಗಬೇಡಿ. ಅಲ್ಲಿನ ಎಸ್. ನಿಜಲಿಂಗಪ್ಪ, ಅಲ್-ಬದರ್ ದಂತ ಮಹಾವಿದ್ಯಾಲಯಗಳ ವೈದ್ಯರು ಹಳ್ಳಿಗಳಿಗೆ ಬಂದು ಉಚಿತ ಶಿಬಿರ ನಡೆಸುತ್ತಾರೆ. ಹಲ್ಲಷ್ಟೇ ಅಲ್ಲ, ನಾಲಿಗೆ, ಕೆನ್ನೆಯ ಒಳಭಾಗವನ್ನೂ ನೋಡುತ್ತಾರೆ.

ತಂಬಾಕು, ಗುಟ್ಕಾ ಹಾಕುವವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, 15 ದಿನಕ್ಕೂ ಮಾಯದ ಹುಣ್ಣು ಇದ್ದರೆ ಅದು ಕ್ಯಾನ್ಸರಿನ ಸೂಚನೆ ಇರಬಹುದು. ಮೊದಮೊದಲು ನೋವೇ ಇರಲಿಕ್ಕಿಲ್ಲ. ಹಾಲಿನಲ್ಲಿ ಗರಣೆ ಕಂಡ ಕೂಡಲೇ ಕೆಚ್ಚಲುಬಾವೆಂದು ನಮ್ಮನ್ನು ಕರೆಯುತ್ತೀರಲ್ಲ, ಇದನ್ನೂ ಹಾಗೆಯೇ ಬೇಗ ತೋರಿಸಿ. ಮುಂದಿನ ಶಿಬಿರ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಇಂದೇ ಕೇಳಿ.